ಸಹೋದರರಲ್ಲಿ ರೂಪಭೇದವೇಕೆ?

ಒಂದೇ ತಾಯಿತಂದೆಗಳಿಗೆ ಹುಟ್ಟಿ, ಒಂದೇ ಮಡಕೆಯ ಅನ್ನವನ್ನುಂಡು ಬೆಳೆದ ನಾಲ್ವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಒಬ್ಬನು ಎತ್ತರ, ಮತ್ತೊಬ್ಬನು ಗಿಡ್ಡ. ಒಬ್ಬಳದು ಕೆಂಪು ಮೈ, ಇನ್ನೊಬ್ಬಳದು ಎಣ್ಣೆಗಪ್ಪು. ಅಣ್ಣನಿಗೆ ಗುಂಗುರುಗೂದಲು, ತಮ್ಮನಿಗೆ ನೆಟ್ಟನೆಯ ಕೂದಲು. ಇಂತಹ ಮನೆಗಳು ಅಪೂರ್ವವೇನೂ ಅಲ್ಲ. ಪ್ರತಿಯೊಂದು ಬೀದಿಯಲ್ಲಿಯೂ ಇರುವುವು. ‘ಸಹೋದರ’ ಎಂಬ ಸಂಸ್ಕೃತ ಶಬ್ದಕ್ಕೆ ಒಂದೇ ಉದರದಿಂದ ಬಂದವನು ಎಂದರ್ಥ. ಉದರವು ಒಂದೇ ಎಂದು ಆ ಶಬ್ದವು ಹೇಳುವುದೇ ಹೊರತು ರೂಪವೂ ಒಂದೇ ಎಂದು ಹೇಳುವುದಿಲ್ಲ. ಬೆಳಗೊಳದ ಸುತ್ತಣ ಸೀಮೆಯಲ್ಲಿ ಕೆಂಪೇಗೌಡ, ಕರೀಗೌಡ, ಕೆಂಪಮ್ಮ, ಕರಿಯಮ್ಮ ಎಂಬ ಹೆಸರುಗಳು ಬಹು ಕಾಲದಿಂದ ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಗ್ರಾಮದೇವತೆಗಳಿಂದ ಬಂದವು. ಆದರೂ ಕೆಂಪು ಕಪ್ಪುಗಳೆರಡನ್ನೂ ಸಂಕೋಚವಿಲ್ಲದೆ ಕೂಗಿ ಕರೆಯುತ್ತಿದ್ದ ಜನರು ನಮ್ಮ ಹಿರಿಯರು ಎಂಬುದು ಅವುಗಳಿಂದ ತಿಳಿದುಬರುವುದು.

ಹೀಗಿದ್ದರೂ ಈ ಭೇದವು ಎಲ್ಲ ಮನೆಗಳಲ್ಲಿಯೂ ವಿನೋದದ ಮಾತಾಗಿಯೇ ಉಳಿಯುವುದಿಲ್ಲ. ಎರಡನೆಯ ಮಗುವು ಮೊದಲನೆಯದರಂತೆ ಇಲ್ಲದಿದ್ದರೆ, ತೊಟ್ಟಿಲನ್ನು ನೋಡಲು ಬಂದ ಬಂಧುಗಳು “ಇದು ಯಾರ ಹಾಗೆ ಹುಟ್ಟಿತಮ್ಮ? ನಮ್ಮ ವಂಶದಲ್ಲಿ ಈ ಬಣ್ಣವಿಲ್ಲವಲ್ಲ!” ಎಂದು ಆಡಿಬಿಡುವರು. ಆಡಿದವರು ಮರೆತಾರು, ಬಾಣಂತಿಯು ಮರೆಯಳು. ಕೆಲವು ಮನೆಗಳಲ್ಲಿ ಆ ಮಾತು ಬೆಳೆದು ಶಂಕೆಯಾಗಿ, ದಾಂಪತ್ಯವನ್ನೇ ಒಡೆಯುವುದುಂಟು. ಮಗುವು ದೊಡ್ಡದಾದ ಮೇಲೆ, ಅಕ್ಕನನ್ನು ತೋರಿಸಿ ತಂಗಿಯನ್ನು ಹಳಿಯುವುದು ಬೇರೆ. ಆದಕಾರಣ ಈ ರೂಪಭೇದವು ಹೇಗೆ ಉಂಟಾಗುವುದೆಂಬುದನ್ನು ಗೃಹಸ್ಥರು ಅರಿತಿರುವುದು ಕೇವಲ ಕುತೂಹಲದ ವಿಷಯವಲ್ಲ. ಸಂಸಾರದ ನೆಮ್ಮದಿಗೆ ಸಂಬಂಧಿಸಿದ ವಿಷಯ.

ತಾಯಿಯ ಮೇಲೆ ಹೊರೆ ಹೊರಿಸುವ ಅಭ್ಯಾಸವು ಬಹಳ ಹಳೆಯದು. ಬೆಳಗೊಳಕ್ಕೆ ಸಮೀಪದಲ್ಲಿರುವ ಪಾಂಡವಪುರಕ್ಕೆ ಯಾರ ಹೆಸರಿದೆಯೋ ಆ ಪಾಂಡವರ ತಂದೆಯಾದ ಪಾಂಡುವಿನ ಜನ್ಮಕಥೆಯನ್ನೇ ನೋಡಿರಿ. ವ್ಯಾಸರ ಉಗ್ರರೂಪವನ್ನು ಕಂಡು ಅಂಬಿಕೆಯು ಕಣ್ಣು ಮುಚ್ಚಿಕೊಂಡುದರಿಂದ ಧೃತರಾಷ್ಟ್ರನು ಕುರುಡನಾಗಿಯೂ, ಅಂಬಾಲಿಕೆಯು ಹೆದರಿ ಬಿಳಿಚಿಕೊಂಡುದರಿಂದ ಪಾಂಡುವು ಬಿಳಿಚಿದ ಮೈಯವನಾಗಿಯೂ ಹುಟ್ಟಿದರೆಂದು ಮಹಾಭಾರತವು ಹೇಳುವುದು. ಕಥೆಗೆ ಅದು ಒಪ್ಪುವ ಕಾರಣ. ಆದರೆ ಗಂಡು ಮಕ್ಕಳಿಬ್ಬರ ಅಂಗವೈಕಲ್ಯಕ್ಕೂ ಬಣ್ಣಕ್ಕೂ ಹೊಣೆ ಬಂದದ್ದು ಹೆಂಗಸರ ಮೇಲೆಯೇ ಎಂಬುದನ್ನು ಗಮನಿಸಬೇಕು. ಇನ್ನೊಂದು ಕಡೆ ಪುರಾಣಗಳೇ ಬೇರೊಂದು ಪಾಠವನ್ನೂ ಕಲಿಸುತ್ತವೆ. ದೇವಕಿಯ ಏಳನೆಯ ಗರ್ಭವೇ ರೋಹಿಣಿಯ ಉದರಕ್ಕೆ ಸೇರಿ ಬಲರಾಮನಾಯಿತು, ಎಂಟನೆಯದು ಶ್ರೀಕೃಷ್ಣನು. ಅಣ್ಣನು ಬಿಳುಪು, ತಮ್ಮನು ಮೇಘಶ್ಯಾಮ. ಈ ವರ್ಣಭೇದಕ್ಕಾಗಿ ದೇವಕಿಯನ್ನಾಗಲಿ ವಸುದೇವನನ್ನಾಗಲಿ ಯಾರೂ ಪ್ರಶ್ನಿಸಿದಂತೆ ಕಾಣುವುದಿಲ್ಲ.

ನಮ್ಮ ವೈದ್ಯಶಾಸ್ತ್ರಜ್ಞರು ಈ ವಿಷಯವನ್ನು ಆಲೋಚಿಸದೆ ಇರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ‘ಬೀಜ’, ‘ಬೀಜಭಾಗ’ ಎಂಬ ಶಬ್ದಗಳಿವೆ. ಬೀಜದ ಯಾವ ಭಾಗವು ಕೆಡುವುದೋ ಆ ಭಾಗದಿಂದ ಆಗಬೇಕಾದ ಅಂಗವೇ ಕೆಡುವುದು, ಉಳಿದವು ಕೆಡುವುದಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ಬೀಜವೆಂಬುದು ಒಂದು ಮುದ್ದೆಯಲ್ಲ, ಬೇರೆ ಬೇರೆ ಭಾಗಗಳಿಂದ ಕೂಡಿದುದು ಎಂಬ ಈ ಊಹೆಯು ಮೆಚ್ಚತಕ್ಕದ್ದು. ಆದರೆ ಆ ಭಾಗಗಳು ತಂದೆತಾಯಿಗಳಿಂದ ಮಕ್ಕಳಿಗೆ ಯಾವ ನಿಯಮದಿಂದ ಹಂಚಿಹೋಗುವುವೆಂಬುದು ಬಹಳ ಕಾಲದ ಮೇಲೆ, ಪ್ರಯೋಗದಿಂದ ತಿಳಿದುಬಂದಿತು.

ಆ ನಿಯಮವನ್ನು ಕಣ್ಣಾರೆ ನೋಡಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ರೇಷ್ಮೆಯ ಹುಳು ಸಾಕುವ ಮನೆಗೆ ಹೋದರೆ ಸಾಕು. ಹದಿನೆಂಟನೆಯ ಶತಮಾನದ ಕಡೆಯಲ್ಲಿ ಟೀಪೂ ಸುಲ್ತಾನನು ಶ್ರೀರಂಗಪಟ್ಟಣದಿಂದ ಬಂಗಾಳಕ್ಕೆ ಜನರನ್ನು ಕಳುಹಿಸಿ ರೇಷ್ಮೆಹುಳುಗಳನ್ನು ತರಿಸುವ ಏರ್ಪಾಡು ಮಾಡಿದನು. ಅಂದಿನಿಂದ ಈ ಸೀಮೆಗೆ ಹಿಪ್ಪುನೇರಳೆ ಪರಿಚಿತವಾದ ಬೆಳೆ. ನಮ್ಮ ನಾಡಿಗೆ ಹೊಂದಿಕೊಂಡ ‘ಮೈಸೂರು ತಳಿ’ಯ ಗೂಡು ಹಸಿರು ಬೆರೆತ ಹಳದಿ, ಗಾತ್ರದಲ್ಲಿ ಚಿಕ್ಕದು, ಹುಳುವು ಗಟ್ಟಿ. ಶೀತದೇಶಗಳ ಮೂಲದಿಂದ ಬಂದ ದ್ವಿತಳಿಯ ಗೂಡು ಬಿಳುಪು, ಗಾತ್ರದಲ್ಲಿ ದೊಡ್ಡದು, ನೂಲು ಹೆಚ್ಚು, ಆದರೆ ನಮ್ಮ ಬಿಸಿಲನ್ನೂ ರೋಗಗಳನ್ನೂ ತಾಳುವ ಶಕ್ತಿ ಕಡಮೆ. ಮೈಸೂರು ತಳಿಯ ಹೆಣ್ಣು ಚಿಟ್ಟೆಗೂ ದ್ವಿತಳಿಯ ಗಂಡು ಚಿಟ್ಟೆಗೂ ಜೊತೆಮಾಡಿ ಪಡೆದ ಮೊಟ್ಟೆಗಳಿಂದ ಬರುವುದೇ ‘ಮಿಶ್ರತಳಿ’. ಈ ಹುಳುಗಳು ಗಟ್ಟಿತನದಲ್ಲಿ ತಾಯಿಯನ್ನೂ ನೂಲಿನಲ್ಲಿ ತಂದೆಯನ್ನೂ ಬಹುಮಟ್ಟಿಗೆ ಹೋಲುವುವು. ಮತ್ತು ಒಂದು ಮತ್ತೊಂದರಂತೆಯೇ ಇರುವುವು. ಎಲ್ಲವೂ ಹೆಚ್ಚು ಕಡಮೆ ಒಂದೇ ಸಮಯಕ್ಕೆ ಹಣ್ಣಾಗಿ ಚಂದ್ರಿಕೆಯನ್ನು ಏರುವುವು. ಗೂಡುಗಳೂ ಒಂದೇ ಬಗೆ.

ಹಾಗಾದರೆ ಈ ಒಳ್ಳೆಯ ಗೂಡುಗಳನ್ನೇ ಬಿತ್ತನೆಗೆ ಇಟ್ಟುಕೊಂಡು, ಚಿಟ್ಟೆ ಬಿಡಿಸಿ, ಮೊಟ್ಟೆ ಇಡಿಸಿದರೆ ಪ್ರತಿಸಲವೂ ಬಿತ್ತನೆಯ ಮೊಟ್ಟೆಗೆ ಹಣ ಕೊಡುವುದು ತಪ್ಪುವುದಲ್ಲವೆ ಎಂದು ಯಾರಿಗಾದರೂ ತೋರಬಹುದು. ಹಾಗೆ ಮಾಡಿದರೆ ಆಗುವುದೇನೆಂದರೆ, ಒಂದೇ ಚಿಟ್ಟೆಯ ನೂರಾರು ಮೊಟ್ಟೆಗಳಿಂದ ಬಂದ ಒಡಹುಟ್ಟಿದ ಹುಳುಗಳಲ್ಲಿಯೇ ಕೆಲವು ದಪ್ಪ, ಕೆಲವು ಸಣ್ಣ. ಕೆಲವು ಮೊದಲೇ ಹಣ್ಣಾಗುವುವು, ಕೆಲವು ಹಿಂದೆ ಬೀಳುವುವು. ಗೂಡುಗಳಲ್ಲಿ ಹಳದಿಯೂ ಬಿಳುಪೂ ಕಲೆತಿರುವುವು. ಸೊಪ್ಪು ಒಂದೇ, ಮನೆ ಒಂದೇ, ಸಾಕಿದ ಕೈಯೂ ಒಂದೇ. ಆದರೂ ಒಂದರಂತೆ ಒಂದಿಲ್ಲ. ಆದುದರಿಂದಲೇ ರೈತನು ಪ್ರತಿಯೊಂದು ಬೆಳೆಗೂ ಬಿತ್ತನೆ ಕೋಠಿಯಿಂದ ಹೊಸ ಮೊಟ್ಟೆಗಳನ್ನೇ ತರುವನು.

ಇದರ ಗುಟ್ಟನ್ನು ಮೊದಲು ಬಿಡಿಸಿದವನು ಯೂರೋಪಿನ ಬ್ರ್ಯೂನ್ ಪಟ್ಟಣದ ಮಠದಲ್ಲಿದ್ದ ಗ್ರೆಗೊರ್ ಮೆಂಡಲ್ ಎಂಬ ಸಂನ್ಯಾಸಿ. ಆತನು ಬಟಾಣಿ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ೧೮೬೫ರಲ್ಲಿ ತನ್ನ ಪ್ರಬಂಧವನ್ನು ಓದಿದನು. ೧೯೦೦ರವರೆಗೆ ಅದನ್ನು ಲೋಕವು ಲಕ್ಷಿಸಲಿಲ್ಲ. ಗುಂಡನೆಯ ಕಾಳಿನ ಗಿಡಕ್ಕೂ ಸುಕ್ಕುಗಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯ ಕಾಳೆಲ್ಲ ಗುಂಡನೆಯದೇ ಆಯಿತು. ಆ ಪೀಳಿಗೆಯ ಗಿಡಗಳ ಸಂತಾನದಲ್ಲಿ ೫,೪೭೪ ಗುಂಡುಗಾಳುಗಳೂ ೧,೮೫೦ ಸುಕ್ಕುಗಾಳುಗಳೂ ಬಂದವು. ಎಂದರೆ ಸುಮಾರು ಮೂರಕ್ಕೊಂದು. ಸುಕ್ಕುಗುಣವು ನಡುವಿನ ಪೀಳಿಗೆಯಲ್ಲಿ ನಾಶವಾಗಿರಲಿಲ್ಲ, ಅಡಗಿತ್ತು. ಇದೇ ನಿಯಮವು ರೇಷ್ಮೆಹುಳುವಿನಲ್ಲಿಯೂ ನಡೆಯುವುದೆಂದು ಜಪಾನಿನ ತೊಯಾಮಾ ಕಮೆತಾರೊ ಎಂಬ ವಿದ್ವಾಂಸನು ೧೯೦೬ರಲ್ಲಿ ತೋರಿಸಿದನು. ಹಳದಿ ಗೂಡಿಗೂ ಬಿಳಿಯ ಗೂಡಿಗೂ ಹುಟ್ಟಿದವು ಹಳದಿ. ಅವುಗಳ ಮಕ್ಕಳಲ್ಲಿ ಮತ್ತೆ ಬಿಳುಪು ತಲೆದೋರಿತು.

ಈ ಗುಣಗಳನ್ನು ಹೊತ್ತು ತರುವ ಸೂಕ್ಷ್ಮ ಭಾಗಗಳಿಗೆ ಈಗ ವಂಶವಾಹಿಗಳು ಅಥವಾ ಜೀನ್‌ಗಳು ಎಂದು ಹೆಸರು. ಪ್ರತಿಯೊಂದು ಗುಣಕ್ಕೂ ವಂಶವಾಹಿಗಳು ಜೊತೆಜೊತೆಯಾಗಿರುವುವು: ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಜೊತೆಯಲ್ಲಿ ಒಂದು ಪ್ರಬಲವಾಗಿ ತೋರಿದರೆ ಇನ್ನೊಂದು ದುರ್ಬಲವಾಗಿ ಮರೆಯಲ್ಲಿರಬಹುದು. ತಾನು ತಂದೆಯೋ ತಾಯಿಯೋ ಆಗುವಾಗ ಪ್ರತಿಯೊಬ್ಬನೂ ತನ್ನ ಜೊತೆಯಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುವನು. ಯಾವುದನ್ನು ಕೊಡುವನೆಂಬುದು ಅವನ ಇಚ್ಛೆಗೆ ಸೇರಿದ್ದಲ್ಲ.

ಮೈಸೂರು ತಳಿ ಮತ್ತು ದ್ವಿತಳಿಗಳು ಬಹುಕಾಲ ಶುದ್ಧವಾಗಿ ಕಾಪಾಡಲ್ಪಟ್ಟವು. ಅವುಗಳ ಜೊತೆಗಳಲ್ಲಿ ಎರಡೂ ಒಂದೇ ಬಗೆಯವು. ಯಾವುದನ್ನು ಕೊಟ್ಟರೂ ಒಂದೇ. ಆದುದರಿಂದ ಮೊದಲ ಮಿಶ್ರಪೀಳಿಗೆಯು ಏಕರೂಪವಾಗಿರುವುದು. ಆ ಮಿಶ್ರಪೀಳಿಗೆಯಲ್ಲಾದರೋ ಜೊತೆಯಲ್ಲಿರುವ ಎರಡೂ ಭಿನ್ನ. ಆದುದರಿಂದ ಅವುಗಳ ಸಂತಾನವು ಬಹುರೂಪವಾಗುವುದು. ಮನುಷ್ಯರಲ್ಲಿ ಯಾರೂ ಶುದ್ಧತಳಿಯವರಲ್ಲ. ಎಷ್ಟು ಹಳೆಯ ವಂಶವೆಂದು ಹೇಳಿಕೊಂಡರೂ ಪ್ರತಿಯೊಂದು ತಲೆಮಾರಿನಲ್ಲಿಯೂ ಸೊಸೆಯಂದಿರು ಬೇರೆ ಮನೆಗಳಿಂದ ಬಂದವರೇ. ಹತ್ತು ತಲೆಮಾರು ಹಿಂದಕ್ಕೆ ಲೆಕ್ಕ ಹಾಕಿದರೆ ಒಬ್ಬನಿಗೆ ೧,೦೨೪ ಪೂರ್ವಜರ ಸ್ಥಾನಗಳಾಗುವುವು. “ನಮ್ಮ ವಂಶದಲ್ಲಿ ಈ ಬಣ್ಣವಿಲ್ಲ” ಎನ್ನುವವರು ಇವರಲ್ಲಿ ಎಷ್ಟು ಜನರನ್ನು ಕಂಡಿದ್ದಾರೆ?

ಮನುಷ್ಯನ ಜೀವಕೋಶದಲ್ಲಿ ವಂಶವಾಹಿಗಳು ೨೩ ಜೊತೆ ವರ್ಣತಂತುಗಳಲ್ಲಿ ಪೋಣಿಸಲ್ಪಟ್ಟಿವೆ. ಒಟ್ಟು ಸಂಖ್ಯೆ ೪೬ ಎಂಬುದು ೧೯೫೬ರಲ್ಲಿ ನಿಶ್ಚಯವಾಯಿತು. ಮನೆಯ ಮಕ್ಕಳು ಚೌಕಾಬಾರ ಆಡುವಾಗ ಕವಡೆಗಳನ್ನು ಎಸೆಯುವುದನ್ನು ನೋಡಿರುವಿರಷ್ಟೆ. ನಾಲ್ಕು ಕವಡೆಗಳಲ್ಲಿ ಒಂದೊಂದೂ ಬೋರಲು ಅಥವಾ ಅಂಗಾತ ಬೀಳುವುದರಿಂದ ಹದಿನಾರು ವಿಧಗಳಾಗುವುವು. ಇಪ್ಪತ್ತಮೂರು ಕವಡೆಗಳನ್ನು ಎಸೆದರೆ ಆಗುವ ವಿಧಗಳು ೮೩,೮೮,೬೦೮. ಒಬ್ಬ ತಂದೆಯು ಮಗುವಿಗೆ ಕೊಡಬಹುದಾದ ವರ್ಣತಂತುಗಳ ಕೂಟಗಳು ಇಷ್ಟು, ತಾಯಿಯವೂ ಇಷ್ಟೇ. ಎರಡನ್ನೂ ಗುಣಿಸಿದರೆ ಎಪ್ಪತ್ತು ಲಕ್ಷ ಕೋಟಿಗೂ ಮೀರುವುದು. ಇಷ್ಟರ ಮೇಲೆ, ಜೊತೆಯ ವರ್ಣತಂತುಗಳು ಹಂಚಿಕೆಗೆ ಮೊದಲು ತಮ್ಮ ತಮ್ಮ ತುಂಡುಗಳನ್ನು ಒಂದಕ್ಕೊಂದು ಬದಲಾಯಿಸಿಕೊಳ್ಳುವುವು. ಆಗ ವಿಧಗಳಿಗೆ ಎಣೆಯೇ ಇಲ್ಲ. ಹೀಗಿರಲು ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಕಾಣುವುದು ಸೋಜಿಗವಲ್ಲ. ಅಷ್ಟಾದರೂ ಹೋಲಿಕೆ ಉಳಿದಿರುವುದೇ ಸೋಜಿಗ.

ಒಡಹುಟ್ಟಿದವರಿಬ್ಬರಲ್ಲಿ ಸಮಾನವಾಗಿ ಬಂದ ಅಂಶವು ಸರಾಸರಿಯಲ್ಲಿ ಅರ್ಧ. ಆದರೆ ಪ್ರತಿಯೊಂದು ಜೋಡಿಯಲ್ಲಿಯೂ ಸರಿಯಾಗಿ ಅರ್ಧವೇ ಇರುವುದಿಲ್ಲ. ಆಸ್ಟ್ರೇಲಿಯದಲ್ಲಿ ೪,೪೦೧ ಜೋಡಿಗಳನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದು ಒಂದು ಕಡೆ ನೂರಕ್ಕೆ ೩೭ಕ್ಕೆ ಇಳಿದು ಮತ್ತೊಂದು ಕಡೆ ೬೨ರ ಹತ್ತಿರಕ್ಕೆ ಏರಿತ್ತು. ಅವಳಿಗಳಲ್ಲಿಯೂ ಎರಡು ಬಗೆ. ಒಂದೇ ಅಂಡವು ಒಡೆದು ಇಬ್ಬರಾದವರಿಗೆ ವಂಶವಾಹಿಗಳು ಒಂದೇ ಆಗಿರುವುದರಿಂದ ತಾಯಿಗೂ ಗುರುತು ಹಿಡಿಯುವುದು ಕಷ್ಟ. ಎರಡು ಅಂಡಗಳಿಂದ ಬಂದ ಅವಳಿಗಳು ಜೊತೆಯಲ್ಲಿ ಹುಟ್ಟಿದ ಸಾಮಾನ್ಯ ಸಹೋದರರೇ. ಅವರಲ್ಲಿ ಒಬ್ಬನು ಕೆಂಪಗೂ ಒಬ್ಬನು ಕಪ್ಪಗೂ ಇರುವುದಕ್ಕೆ ಅಡ್ಡಿಯಿಲ್ಲ.

ಮೈಬಣ್ಣವು ಬಟಾಣಿಯ ಕಾಳಿನಂತೆ ಒಂದೇ ಜೊತೆಯ ವಂಶವಾಹಿಯಿಂದ ನಿರ್ಧಾರವಾಗುವುದಲ್ಲ. ಹಲವು ಜೊತೆಗಳು ಸೇರಿ ಅದನ್ನು ಮಾಡುತ್ತವೆ. ಲೆಕ್ಕದ ಸೌಕರ್ಯಕ್ಕಾಗಿ ಮೂರೇ ಜೊತೆಗಳೆಂದು ಇಟ್ಟುಕೊಳ್ಳೋಣ. ತಾಯಿತಂದೆಗಳಿಬ್ಬರೂ ನಸುಗೆಂಪಿನ ಮಧ್ಯಮ ವರ್ಣದವರು. ಪ್ರತಿಯೊಂದು ಜೊತೆಯಲ್ಲಿಯೂ ಇಬ್ಬರಿಗೂ ಒಂದು ಕಪ್ಪಿನದು, ಒಂದು ಬಿಳುಪಿನದು. ಆಗ ಹುಟ್ಟಬಹುದಾದ ೬೪ ಪಾಲುಗಳಲ್ಲಿ ೨೦ ಪಾಲು ತಂದೆತಾಯಿಗಳಂತೆ ಮಧ್ಯಮ, ಒಂದು ಪಾಲು ಅತ್ಯಂತ ಕಪ್ಪು, ಒಂದು ಪಾಲು ಅತ್ಯಂತ ಬಿಳುಪು, ಉಳಿದವು ನಡುನಡುವಿನವು. ಎಂದರೆ ಇಬ್ಬರಿಗಿಂತಲೂ ಕಪ್ಪಾದ ಮಗುವೂ ಇಬ್ಬರಿಗಿಂತಲೂ ಬಿಳುಪಾದ ಮಗುವೂ ಅದೇ ಗರ್ಭದಿಂದ ಬರಬಹುದು.

ಇದು ಬರಿಯ ಲೆಕ್ಕವಲ್ಲ. ನಮ್ಮ ದೇಶದ ಹೊಳೆಹಳ್ಳಗಳಲ್ಲಿರುವ, ಮೈಮೇಲೆ ಪಟ್ಟೆಗಳುಳ್ಳ ಜೀಬ್ರಾ ಮೀನಿನಲ್ಲಿ ಮೈಬಣ್ಣವನ್ನು ತೆಳುವಾಗಿಸುವ ಒಂದು ವಂಶವಾಹಿಯನ್ನು ೨೦೦೫ರಲ್ಲಿ ಕಂಡುಹಿಡಿದು, ಅದಕ್ಕೆ ಸಮನಾದುದು ಮನುಷ್ಯನಲ್ಲಿಯೂ ಇದೆಯೆಂದು ತೋರಿಸಿದರು. ಅದರಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸವಾದರೆ ಚರ್ಮದ ಬಣ್ಣವು ತಿಳಿಯಾಗುವುದು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿದ್ವಾಂಸರೂ ಸೇರಿ ೨೦೧೩ರಲ್ಲಿ ಪ್ರಕಟಿಸಿದ ಶೋಧನೆಯಿಂದ, ಈ ವಂಶವಾಹಿಯ ಎರಡು ರೂಪಗಳೂ ಭಾರತದ ಜನರಲ್ಲಿ ವ್ಯಾಪಕವಾಗಿ ಬೆರೆತಿವೆಯೆಂದು ತಿಳಿದುಬಂದಿತು. ನಮ್ಮ ಮನೆಗಳಲ್ಲಿ ಅಕ್ಕತಂಗಿಯರ ಬಣ್ಣವು ಬೇರೆ ಬೇರೆಯಾಗುವುದಕ್ಕೆ ಇಂತಹ ಬೆರಕೆಯೇ ಕಾರಣ. ಗರ್ಭಿಣಿಯು ಹಾಲಿಗೆ ಕೇಸರಿಯನ್ನು ಹಾಕಿ ಕುಡಿದರೆ ಮಗುವು ಬೆಳ್ಳಗಾಗುವುದೆಂಬ ನಂಬಿಕೆ ಇದೆ. ಹಾಲು ಗರ್ಭಿಣಿಗೆ ಹಿತವಾದ ಆಹಾರ. ಆದರೆ ಗರ್ಭಧಾರಣೆಯಾದ ಕ್ಷಣದಲ್ಲಿಯೇ ಹಂಚಿಕೆಯಾಗಿಹೋದ ವಂಶವಾಹಿಗಳನ್ನು ಕೇಸರಿಯು ಬದಲಾಯಿಸಲಾರದು.

ಎತ್ತರದ ವಿಷಯವು ಇನ್ನೂ ಜಟಿಲ. ೨೦೨೨ರಲ್ಲಿ ಸುಮಾರು ೫೪ ಲಕ್ಷ ಜನರನ್ನು ಪರಿಶೀಲಿಸಿ, ಎತ್ತರಕ್ಕೆ ಸಂಬಂಧಿಸಿದ ೧೨,೦೦೦ಕ್ಕೂ ಹೆಚ್ಚು ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸಿದರು. ಇದರ ಜೊತೆಗೆ ಆಹಾರ, ಕಾಯಿಲೆ, ದುಡಿಮೆಗಳೂ ಸೇರುತ್ತವೆ. ಅಭಾವದ ವರ್ಷದಲ್ಲಿ ಬೆಳೆದ ಅಣ್ಣನಿಗೂ ಸುಭಿಕ್ಷದಲ್ಲಿ ಬೆಳೆದ ತಮ್ಮನಿಗೂ ಎತ್ತರದಲ್ಲಿ ಅಂತರ ಬೀಳಬಹುದು. ಕನ್ನಂಬಾಡಿ ಕಟ್ಟೆಯ ಕೆಳಗಣ ಗದ್ದೆಯಲ್ಲಿ ದಿನವೆಲ್ಲ ನಾಟಿ ಹಾಕುವವಳ ಬಣ್ಣವು ನೆರಳಿನಲ್ಲಿ ಓದುವ ತಂಗಿಯ ಬಣ್ಣಕ್ಕಿಂತ ಗಾಢವಾಗಬಹುದು. ಬೀಜವು ಎಷ್ಟು ಮುಖ್ಯವೋ ಭೂಮಿಯೂ ಮಳೆಯೂ ಅಷ್ಟೇ ಮುಖ್ಯವೆಂಬುದನ್ನು ರೈತನಿಗೆ ಹೇಳಬೇಕಾಗಿಲ್ಲವಷ್ಟೆ.

ಕಣ್ಣಿಗೆ ಕಾಣದ ಭೇದವೂ ಒಂದುಂಟು, ಅದು ರಕ್ತದ್ದು. ರಕ್ತದ ಗುಂಪುಗಳನ್ನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ಪ್ರಕಟಿಸಿದನು. ತಂದೆಯದು ‘ಎ’ ಗುಂಪು, ತಾಯಿಯದು ‘ಬಿ’ ಗುಂಪು ಎಂದಿಟ್ಟುಕೊಳ್ಳಿ. ಇಬ್ಬರಲ್ಲಿಯೂ ಜೊತೆಯ ಎರಡನೆಯದು ಅಡಗಿರುವ ‘ಓ’ ಆಗಿದ್ದರೆ, ಅವರ ನಾಲ್ವರು ಮಕ್ಕಳ ಗುಂಪುಗಳು ಎ, ಬಿ, ಎಬಿ, ಓ ಎಂದು ನಾಲ್ಕೂ ಆಗಬಹುದು. “ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಗುಂಪು ಮಗುವಿಗೆ ಎಲ್ಲಿಂದ ಬಂದಿತು?” ಎಂದು ಕಾಗದವನ್ನು ಹಿಡಿದುಕೊಂಡು ಮನೆಯಲ್ಲಿ ರಂಪ ಮಾಡುವವರು ಇದನ್ನು ಚೆನ್ನಾಗಿ ತಿಳಿಯಬೇಕು. ಇದಕ್ಕೂ ವಿಚಿತ್ರವಾದುದು, ಮುಂಬಯಿಯಲ್ಲಿ ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ೧೯೫೨ರಲ್ಲಿ ಪ್ರಕಟಿಸಿದ ‘ಮುಂಬಯಿ ರಕ್ತಗುಂಪು’. ಇಂತಹವರಲ್ಲಿ ‘ಎ’ ಅಥವಾ ‘ಬಿ’ ವಂಶವಾಹಿಯಿದ್ದರೂ ಬೇರೊಂದು ಜೊತೆಯ ಕೊರತೆಯಿಂದ ಅದು ಹೊರಗೆ ತೋರದೆ, ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣುವುದು. ಇಂತಹ ತಾಯಿಗೂ ‘ಓ’ ಗುಂಪಿನ ತಂದೆಗೂ ‘ಬಿ’ ಗುಂಪಿನ ಮಗುವು ಹುಟ್ಟಬಹುದು. ಸಾಮಾನ್ಯ ಪರೀಕ್ಷೆಯ ಒಂದು ಚೀಟಿಯಿಂದ ಒಬ್ಬ ಹೆಂಗಸಿನ ಶೀಲವನ್ನು ತೀರ್ಮಾನಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಡಗಿರುವ ಗುಣಗಳ ವಿಷಯದಲ್ಲಿ ಮತ್ತೊಂದು ಮಾತನ್ನು ಹೇಳಬೇಕು. ಹುಟ್ಟಿನಿಂದಲೇ ಮೈಯೂ ಕೂದಲೂ ಬೆಳ್ಳಗಿರುವ ಮಕ್ಕಳು ಕಪ್ಪಾದ ತಂದೆತಾಯಿಗಳಿಗೆ ಹುಟ್ಟುವುದುಂಟು. ಇದು ಶಾಪವಲ್ಲ, ಅಂಟುರೋಗವೂ ಅಲ್ಲ. ತಂದೆತಾಯಿಗಳಿಬ್ಬರಲ್ಲಿಯೂ ಅಡಗಿದ್ದ ಒಂದೇ ಬಗೆಯ ವಂಶವಾಹಿಯು ಮಗುವಿನಲ್ಲಿ ಜೊತೆಗೂಡಿದುದರ ಫಲ. ಇಂತಹವರ ಪ್ರತಿಯೊಂದು ಮಗುವಿಗೂ ಹೀಗಾಗುವ ಸಂಭವವು ನಾಲ್ಕರಲ್ಲೊಂದು. ಒಂದು ಮಗುವಿಗೆ ಆಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದು ತಿಳಿಯಬಾರದು. ಹಿಂದಿನ ಎಸೆತವನ್ನು ಕವಡೆಯು ನೆನಪಿಟ್ಟುಕೊಳ್ಳುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿಯು ನಮ್ಮಲ್ಲಿ ಹಳೆಯದು. ಸೋದರಮಾವನಿಗೂ ಸೊಸೆಗೂ ವಂಶವಾಹಿಗಳಲ್ಲಿ ಸುಮಾರು ಕಾಲು ಭಾಗವು ಸಮಾನವಾದುದರಿಂದ, ಇಬ್ಬರಲ್ಲಿಯೂ ಒಂದೇ ದೋಷವು ಅಡಗಿರುವ ಸಂಭವವು ಹೆಚ್ಚು. ಇಂತಹ ಸಂಬಂಧವನ್ನು ನಿಶ್ಚಯಿಸುವ ಮೊದಲು ವೈದ್ಯರ ಸಲಹೆಯನ್ನು ಕೇಳುವುದು ವಿವೇಕ.

ಭೇದವೆಂದರೆ ಕೇಡು ಎಂದು ಮಾತ್ರ ಭಾವಿಸಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ಹೆಸರನ್ನೇ ಹೊತ್ತಿರುವ ಮಂಡ್ಯದ ವಿ. ಸಿ. ಫಾರಂನಲ್ಲಿ, ‘ರಾಗಿ ಲಕ್ಷ್ಮಣಯ್ಯ’ನವರೆಂದು ಪ್ರಸಿದ್ಧರಾದ ಡಾಕ್ಟರ್ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದರು. ರಾಗಿಯ ಹೂವು ಅತಿ ಸಣ್ಣದು. ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು. ಅದರಲ್ಲಿ ಸಂಕರ ಮಾಡುವುದು ಬಹು ತಾಳ್ಮೆಯ ಕೆಲಸ. ಸಂಕರದ ಸಂತಾನದಲ್ಲಿ ಒಂದು ಪೈರಿನಂತೆ ಒಂದು ಇರುವುದಿಲ್ಲ. ಆ ಒಡಹುಟ್ಟಿದ ಪೈರುಗಳ ಭೇದದಿಂದಲೇ ಬೇಕಾದುದನ್ನು ಆರಿಸಿ ಆರಿಸಿ, ಪೀಳಿಗೆಯಿಂದ ಪೀಳಿಗೆಗೆ ಸ್ಥಿರಗೊಳಿಸಿ, ೧೯೭೦ರ ದಶಕದಿಂದೀಚೆಗೆ ‘ಇಂಡಾಫ್’ ತಳಿಗಳನ್ನು ರೈತರಿಗೆ ಕೊಟ್ಟರು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳು ಸೇರಿ ಆದ ಹೆಸರು ಅದು. ಎಲ್ಲ ಪೈರೂ ಒಂದೇ ಅಚ್ಚಿನಲ್ಲಿ ಬಂದಿದ್ದರೆ ಆರಿಸುವುದಕ್ಕೇ ಎಡೆಯಿರುತ್ತಿರಲಿಲ್ಲ. ಪ್ರಕೃತಿಯು ಸಂತಾನದಲ್ಲಿ ಭೇದವನ್ನಿಟ್ಟಿರುವುದರಿಂದಲೇ, ಒಂದು ರೋಗವೋ ಬರವೋ ಬಂದರೆ ಎಲ್ಲವೂ ಒಟ್ಟಿಗೆ ನಾಶವಾಗದೆ ಕೆಲವಾದರೂ ಉಳಿಯುವುವು.

“ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಗಾದೆಯು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಸೀರೆಗೆ ಹಾಸು ಬೇಕು, ಹೊಕ್ಕೂ ಬೇಕು. ಎರಡು ಕಡೆಯ ನೂಲೂ ಸೇರಿದ ಮೇಲೆ ಯಾವ ಬಣ್ಣವು ಮೇಲೆ ತೋರಿತು ಎಂಬುದಕ್ಕೆ ಒಂದು ಎಳೆಯನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಲ್ಲ.

ಹೊಸ ಮಗುವನ್ನು ನೋಡಲು ಹೋದಾಗ ಅದರ ಬಣ್ಣವನ್ನು ಅದರ ಅಣ್ಣನ ಬಣ್ಣದೊಡನೆ ಹೋಲಿಸಿ ಮಾತನಾಡುವ ವಾಡಿಕೆಯನ್ನು ಹಿರಿಯರಾದವರು ಮೊದಲು ಬಿಡಬೇಕು. ಅತ್ತೆಯರು ಆಡುವ ಒಂದು ಮಾತು ಸೊಸೆಯ ಬಾಣಂತನವನ್ನು ಸುಖಮಯವಾಗಿಯೂ ಮಾಡಬಲ್ಲದು, ನರಕವನ್ನಾಗಿಯೂ ಮಾಡಬಲ್ಲದು. ಸಂಬಂಧ ನೋಡಲು ಬಂದವರ ಮುಂದೆ ಕಪ್ಪು ಮಗಳನ್ನು ಹಿಂದಕ್ಕೆ ನಿಲ್ಲಿಸಿ ಕೆಂಪು ಮಗಳನ್ನು ಮುಂದಕ್ಕೆ ನಿಲ್ಲಿಸುವ ತಂದೆಯು, ಇಬ್ಬರಿಗೂ ತಾನು ಕೊಟ್ಟದ್ದು ಅರ್ಧ ಅರ್ಧವೇ ಎಂಬುದನ್ನು ನೆನೆಯಲಿ. ಶಾಲೆಯಲ್ಲಿ ಅಣ್ಣನಿಗೆ ಪಾಠ ಹೇಳಿದ ಉಪಾಧ್ಯಾಯನು ತಮ್ಮನನ್ನು ಕಂಡಾಗ “ನೀನು ಅವನ ಒಡಹುಟ್ಟಿದವನೇ?” ಎಂದು ಅಚ್ಚರಿಪಡುವ ಬದಲು ಅವನನ್ನು ಅವನಾಗಿಯೇ ನೋಡಲಿ. ಮಕ್ಕಳಿಗೆ ಯಾವ ರೂಪವನ್ನು ಕೊಡಬೇಕೆಂಬುದು ನಮ್ಮ ಕೈಯಲ್ಲಿರಲಿಲ್ಲ. ಹಾಲು, ಅನ್ನ, ವಿದ್ಯೆ, ಮಮತೆಗಳನ್ನು ಸಮನಾಗಿ ಹಂಚುವುದು ನಮ್ಮ ಕೈಯಲ್ಲಿಯೇ ಇದೆ.